ಬ್ಯಾಕಪ್ ಇಲ್ಲದೆ ಕಳೆದುಹೋದ ಫ್ಲೈಟ್ ಸಿಮ್ಯುಲೇಟರನ್ನು ಮರಳಿ ಕಟ್ಟುವುದು: ದೋಷ ನಿವಾರಣೆ ಕೈಪಿಡಿ

ಎಕ್ಸ್-ಪ್ಲೇನ್ 12 ಎಂಬ ವಿಮಾನ ಹಾರಾಟದ ಸಿಮ್ಯುಲೇಟರನ್ನು ವಿಂಡೋಸ್ ಕಂಪ್ಯೂಟರಿನಲ್ಲಿ ಬಹುಕಾಲ ಹದಗೊಳಿಸಿಕೊಂಡು ಬಂದು, ಒಂದು ದಿನ ಡಿಸ್ಕ್ ಕೈಕೊಟ್ಟಿದ್ದರಿಂದಲೋ ಫೋಲ್ಡರ್ ಅಳಿಸಿಹೋದದ್ದರಿಂದಲೋ ಅಷ್ಟನ್ನೂ ಕಳೆದುಕೊಂಡವರಿಗಾಗಿ ಈ ಕೈಪಿಡಿಯನ್ನು ಬರೆದಿದ್ದೇನೆ. ಹೀಗಾದಾಗ ಹೆಚ್ಚಿನವರು ವಿಮಾನ, ಪ್ಲಗಿನ್ (ಸಿಮ್ಯುಲೇಟರಿಗೆ ಸೇರಿಸುವ ಸಣ್ಣ ತಂತ್ರಾಂಶ), ಸೀನರಿ (ನೆಲ, ಕಟ್ಟಡ, ನಿಲ್ದಾಣಗಳ ದೃಶ್ಯ), ಜಾಯ್‌ಸ್ಟಿಕ್ ಎಲ್ಲವನ್ನೂ ಒಂದೇ ರಾತ್ರಿಯಲ್ಲಿ ಮತ್ತೆ ಸೇರಿಸಿಬಿಡುತ್ತಾರೆ. ಆಮೇಲೆ ಸಿಮ್ಯುಲೇಟರ್ ತೆರೆದ ಕೂಡಲೇ ಮುಚ್ಚಿಕೊಂಡರೆ ದೋಷ ಯಾವುದರಲ್ಲಿದೆ ಎಂದು ಹೇಳಲು ಯಾವ ಆಧಾರವೂ ಉಳಿದಿರುವುದಿಲ್ಲ. ಮರಳಿ ಕಟ್ಟುವ ಕೆಲಸ ಮತ್ತು ದೋಷ ಹುಡುಕುವ ಕೆಲಸ ಬೇರೆ ಬೇರೆಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದೊಂದು ಪದರವನ್ನು ಹಾಕಿ, ಅದು ಸರಿಯಿದೆ ಎಂದು ಪರೀಕ್ಷಿಸಿ, ಅನಂತರವೇ ಮುಂದಿನದಕ್ಕೆ ಹೋದರೆ, ದೋಷ ಕಾಣಿಸಿಕೊಂಡಾಗ ಅದು ಕೊನೆಗೆ ಹಾಕಿದ ಪದರದಲ್ಲಿಯೇ ಇದೆ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದು. ಬೆಂಗಳೂರಿನವರಿಗೆ ಈ ಪರೀಕ್ಷೆಗೆ ನಮ್ಮ ನಗರದ ವಿಮಾನ ನಿಲ್ದಾಣಗಳೇ ಸಾಕು, ಅದು ಹೇಗೆಂದು ಮುಂದೆ ವಿವರಿಸುತ್ತೇನೆ.

ಮೊದಲ ಪ್ರಶ್ನೆ: ಫೈಲುಗಳು ನಿಜವಾಗಿಯೂ ಹೋಗಿವೆಯೇ?

ಡಿಸ್ಕ್ ಕಾಣಿಸುತ್ತಿಲ್ಲ ಎಂಬುದಕ್ಕೂ ಡಿಸ್ಕ್ ಸತ್ತಿದೆ ಎಂಬುದಕ್ಕೂ ವ್ಯತ್ಯಾಸವಿದೆ. ಕಂಪ್ಯೂಟರ್ ಚಾಲೂ ಆಗುವಾಗ ತೆರೆಯಬಹುದಾದ ಬಯಾಸ್ ಪರದೆಯಲ್ಲಿ ಡಿಸ್ಕಿನ ಹೆಸರು ಬರುತ್ತಿದ್ದು ವಿಂಡೋಸ್ ಮಾತ್ರ ಅದನ್ನು ತೋರಿಸದಿದ್ದರೆ, ಪಾರ್ಟಿಷನ್ ಪಟ್ಟಿ ಕೆಟ್ಟಿರುವ ಸಾಧ್ಯತೆ ಹೆಚ್ಚು, ಮತ್ತು ಅದನ್ನು ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶದಿಂದ ಎಷ್ಟೋ ಸಲ ಸರಿಪಡಿಸಬಹುದು. ಬಯಾಸ್‌ನಲ್ಲಿಯೂ ಹೆಸರು ಬರದಿದ್ದರೆ ಡೇಟಾ ಕೇಬಲ್ಲನ್ನೂ ವಿದ್ಯುತ್ ಕೇಬಲ್ಲನ್ನೂ ಬದಲಿಸಿ ನೋಡಬೇಕು. ಕರೆಂಟು ಹೋಗಿ ಬರುವಾಗಿನ ಏರಿಳಿತಕ್ಕೆ ಡಿಸ್ಕಿಗಿಂತ ಮೊದಲು ಪವರ್ ಸಪ್ಲೈ ಕೆಟ್ಟಿರುವುದೂ ಉಂಟು. ಹಾರ್ಡ್ ಡಿಸ್ಕಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿದ್ದರೆ ಅದನ್ನು ಮತ್ತೆ ಮತ್ತೆ ಚಾಲೂ ಮಾಡಬಾರದು, ಏಕೆಂದರೆ ಪ್ರತಿ ಪ್ರಯತ್ನವೂ ಉಳಿದಿರುವ ಮೇಲ್ಮೈಯನ್ನು ಇನ್ನಷ್ಟು ಹಾಳುಮಾಡಬಹುದು.

ಫೈಲುಗಳು ಅಳಿಸಿಹೋಗಿದ್ದು ಡಿಸ್ಕ್ ಚೆನ್ನಾಗಿದ್ದರೆ, ಅದರ ಮೇಲೆ ಏನನ್ನೂ ಬರೆಯದಿರುವುದು ಎಲ್ಲಕ್ಕಿಂತ ಮುಖ್ಯ. ಸಿಮ್ಯುಲೇಟರನ್ನು ಅದೇ ಡಿಸ್ಕಿಗೆ ಮತ್ತೆ ಇಳಿಸಿದರೆ ಹತ್ತಾರು ಗಿಗಾಬೈಟ್ ಹೊಸ ಡೇಟಾ ಹಳೆಯ ಫೈಲುಗಳ ಜಾಗದ ಮೇಲೆಯೇ ಬಂದು ಕೂರುತ್ತದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲು ಮೇಲೆ ಬೇರೆ ಬರಹ ಬೀಳುವವರೆಗೂ ಇರುತ್ತದೆ. ಎಸ್‌ಎಸ್‌ಡಿಯಲ್ಲಾದರೆ ಟ್ರಿಮ್ ಎಂಬ ವ್ಯವಸ್ಥೆ ಖಾಲಿಯಾದ ಜಾಗವನ್ನು ಬೇಗನೆ ಒರೆಸಿಬಿಡುವುದರಿಂದ ಮರಳಿ ಪಡೆಯುವ ಆಸೆ ಬಹಳ ಕಡಿಮೆ. ಆದ್ದರಿಂದ ಹೊಸದೊಂದು ಡಿಸ್ಕ್ ಕೊಳ್ಳಿ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೆ ಅಂದೇ ಸಿಗುತ್ತದೆ, ಮತ್ತು ಹಳೆಯದರ ಸಂಪೂರ್ಣ ಪ್ರತಿಯನ್ನು ಡಿಡಿರೆಸ್ಕ್ಯೂ ಎಂಬ ಡಿಸ್ಕ್ ನಕಲು ತಂತ್ರಾಂಶ ಬಳಸಿ ತೆಗೆದುಕೊಂಡು, ಆ ಪ್ರತಿಯ ಮೇಲೆ ಮಾತ್ರ ಫೋಟೊರೆಕ್‌ನಂತಹ ಫೈಲು ಮರಳಿ ಪಡೆಯುವ ತಂತ್ರಾಂಶವನ್ನು ಓಡಿಸಿ. ಫೋಟೊರೆಕ್ ಫೈಲುಗಳ ಹೆಸರನ್ನು ಉಳಿಸುವುದಿಲ್ಲ. ಸಂಖ್ಯೆಗಳೇ ಹೆಸರಾಗಿರುವ ಸಾವಿರಾರು ಪಠ್ಯ ಫೈಲುಗಳು ನಿಮ್ಮ ಮುಂದೆ ಬೀಳುತ್ತವೆ. ಎಕ್ಸ್-ಪ್ಲೇನ್‌ನ ಸೆಟ್ಟಿಂಗ್ ಫೈಲುಗಳಲ್ಲಿ ಬಹುಪಾಲು ಸಾದಾ ಪಠ್ಯವೇ ಆದ್ದರಿಂದ, ನಿಮ್ಮ ಜಾಯ್‌ಸ್ಟಿಕ್ಕಿನ ಮಾದರಿಯ ಹೆಸರನ್ನೋ ನೀವು ಬರೆದ ಸ್ಕ್ರಿಪ್ಟಿನ ಒಂದು ಸಾಲನ್ನೋ ಈ ರಾಶಿಯಲ್ಲಿ ಹುಡುಕಿದರೆ ಬೇಕಾದದ್ದು ಸಿಗುವ ಸಂಭವವಿದೆ.

ಏನು ಹೋಯಿತು ಎಂಬ ಪಟ್ಟಿ

ಎಕ್ಸ್-ಪ್ಲೇನ್ ಬಹುತೇಕ ಎಲ್ಲವನ್ನೂ ಒಂದೇ ಫೋಲ್ಡರಿನೊಳಗೆ ಇಟ್ಟುಕೊಳ್ಳುತ್ತದೆ. ಸ್ಥಳಾಂತರಕ್ಕೆ ಇದು ಅನುಕೂಲ, ಆದರೆ ಆ ಫೋಲ್ಡರ್ ಹೋದರೆ ಎಲ್ಲವೂ ಒಟ್ಟಿಗೆ ಹೋಗುತ್ತದೆ. ಫ್ಲೈಟ್‌ಗಿಯರ್ ಎಂಬ ಇನ್ನೊಂದು ಸಿಮ್ಯುಲೇಟರ್ ಬಳಸುವವರು ಈ ವಿಷಯದಲ್ಲಿ ಅದೃಷ್ಟವಂತರು, ಏಕೆಂದರೆ ಅದು ಬಳಕೆದಾರರ ಸೆಟ್ಟಿಂಗುಗಳನ್ನು ಪ್ರತ್ಯೇಕ ಜಾಗದಲ್ಲಿ ಇಡುತ್ತದೆ.

ಕಳೆದುಹೋದದ್ದರಲ್ಲಿ ಎರಡು ಬಗೆ. ಸಿಮ್ಯುಲೇಟರ್, ಜಾಗತಿಕ ಸೀನರಿ, ಕೊಂಡ ವಿಮಾನಗಳು, ಉಚಿತ ಪ್ಲಗಿನ್‌ಗಳು, ಇವು ಗಾತ್ರದಲ್ಲಿ ದೊಡ್ಡವು, ಆದರೆ ಎಲ್ಲವೂ ಮತ್ತೆ ಸಿಗುತ್ತವೆ. ಎರಡನೆಯ ಬಗೆ ನಿಮ್ಮ ಕೈಯಿಂದಲೇ ಆದದ್ದು: ಗುಂಡಿಗಳ ಹೊಂದಾಣಿಕೆ, ನಿಯಂತ್ರಣದ ವಕ್ರರೇಖೆಗಳು (ಹಿಡಿ ಎಷ್ಟು ಆಡಿದರೆ ವಿಮಾನ ಎಷ್ಟು ಪ್ರತಿಕ್ರಿಯಿಸಬೇಕು ಎಂಬುದು), ಪ್ರತಿ ವಿಮಾನಕ್ಕೂ ಬೇರೆಯಾಗಿ ಮಾಡಿಕೊಂಡ ಪ್ರೊಫೈಲ್, ಲೂವಾ ಭಾಷೆಯಲ್ಲಿ ಬರೆದ ಸ್ಕ್ರಿಪ್ಟುಗಳು, ಮಾರ್ಗಯೋಜನೆಗಳು, ಲಾಗ್‌ಬುಕ್, ಸೀನರಿಯ ಕ್ರಮ. ಗಾತ್ರದಲ್ಲಿ ಇವು ಏನೇನೂ ಅಲ್ಲ, ಆದರೆ ಜಗತ್ತಿನಲ್ಲಿ ಬೇರೆಲ್ಲೂ ಇರುವುದಿಲ್ಲ. ಸಮಯವನ್ನು ಮೊದಲ ಬಗೆಯ ಡೌನ್‌ಲೋಡಿಗೆ ಸುರಿಯುವ ಮುನ್ನ ಎರಡನೆಯ ಬಗೆಯ ಸಾಕ್ಷ್ಯಗಳನ್ನು ಕಲೆಹಾಕುವುದು ಒಳ್ಳೆಯದು, ಏಕೆಂದರೆ ನೆನಪು ದಿನಕಳೆದಂತೆ ಮಸುಕಾಗುತ್ತದೆ.

ಇಂಥ ಸಾಕ್ಷ್ಯಗಳಲ್ಲಿ ಅತ್ಯಮೂಲ್ಯವಾದದ್ದು ಹಳೆಯ ಲಾಗ್. ಎಕ್ಸ್-ಪ್ಲೇನ್ ಪ್ರತಿ ಸಲ ತೆರೆದಾಗಲೂ ತನ್ನ ಮುಖ್ಯ ಫೋಲ್ಡರಿನಲ್ಲಿ ಲಾಗ್ ಎಂಬ ಪಠ್ಯ ಫೈಲನ್ನು ಹೊಸದಾಗಿ ಬರೆಯುತ್ತದೆ. ಯಾವ ಗ್ರಾಫಿಕ್ಸ್ ಕಾರ್ಡ್, ಯಾವ ಪ್ಲಗಿನ್‌ಗಳು, ಯಾವ ಸೀನರಿ ಪ್ಯಾಕುಗಳು ಯಾವ ಕ್ರಮದಲ್ಲಿ ಬಂದವು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಹಿಂದೆ ಯಾವುದಾದರೂ ಪ್ಲಗಿನ್ನಿನ ತೊಂದರೆಗೆ ಸಹಾಯ ಕೇಳಿ ಅದನ್ನು ಬರೆದವರಿಗೋ ಗೆಳೆಯರಿಗೋ ಆ ಲಾಗನ್ನು ಮಿಂಚಂಚೆಯಲ್ಲಿ ಕಳಿಸಿದ್ದರೆ, ಕಳಿಸಿದ ಅಂಚೆಗಳ ಪೆಟ್ಟಿಗೆಯಲ್ಲಿ ನಿಮ್ಮ ಹಳೆಯ ವ್ಯವಸ್ಥೆಯ ಸಂಪೂರ್ಣ ಪಟ್ಟಿಯೇ ಇದೆ. ಅದರ ಜತೆಗೆ ಖರೀದಿಯ ರಸೀದಿಗಳು, ಫೋನಿನಲ್ಲಿರುವ ಪರದೆಯ ಚಿತ್ರಗಳು, ವಾಟ್ಸ್‌ಆ್ಯಪ್‌ನಲ್ಲಿ ಹಂಚಿಕೊಂಡ ಮಾರ್ಗಯೋಜನೆಗಳು, ಸೆಟ್ಟಿಂಗ್ ಪರದೆ ಕಾಣುವ ಹಳೆಯ ವಿಡಿಯೊಗಳನ್ನೂ ಒಂದೆಡೆ ಸೇರಿಸಿ. ಥ್ರಾಟಲ್ಲಿನ (ಎಂಜಿನ್ ಶಕ್ತಿ ನಿಯಂತ್ರಿಸುವ ಹಿಡಿಯ) ಗುಂಡಿಗಳ ಮೇಲೆ ಅಂಟಿಸಿದ ಕೈಬರಹದ ಚೀಟಿಗಳೂ ದಾಖಲೆಯೇ. ಅವುಗಳ ಒಂದು ಫೋಟೊ ತೆಗೆದಿಡಿ.

ಬರಿಯ ಸಿಮ್ಯುಲೇಟರ್, ಮತ್ತೇನೂ ಇಲ್ಲ

ಎಕ್ಸ್-ಪ್ಲೇನನ್ನು ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲಿ ಸ್ಥಾಪಿಸಬೇಡಿ, ಅಲ್ಲಿ ವಿಂಡೋಸ್‌ನ ಅನುಮತಿ ನಿಯಮಗಳಿಂದಾಗಿ ಸಿಮ್ಯುಲೇಟರ್ ತನ್ನದೇ ಫೈಲುಗಳನ್ನು ಬರೆಯಲು ತಡವರಿಸಬಹುದು. ಒನ್‌ಡ್ರೈವ್ ಕಾವಲಿನಲ್ಲಿರುವ ಡೆಸ್ಕ್‌ಟಾಪ್ ಕೂಡ ತಕ್ಕ ಜಾಗವಲ್ಲ. ಬೇರೆ ಯಾವ ಫೋಲ್ಡರಿನೊಳಗೂ ಅಲ್ಲದೆ ಡಿಸ್ಕಿನ ಮೂಲಮಟ್ಟದಲ್ಲಿಯೇ ಒಂದು ಫೋಲ್ಡರ್ ಮಾಡಿಕೊಳ್ಳುವುದು ಲೇಸು. ಮನೆಯ ಬ್ರಾಡ್‌ಬ್ಯಾಂಡಿಗೆ ತಿಂಗಳ ಮಿತಿ ಇದ್ದರೆ, ಮೊದಲ ಹಂತದಲ್ಲಿ ದಕ್ಷಿಣ ಭಾರತದ ಸೀನರಿಯನ್ನಷ್ಟೇ ಆರಿಸಿಕೊಳ್ಳಿ; ಸ್ಥಾಪಕ ತಂತ್ರಾಂಶದಲ್ಲಿ ಭೂಪಟದ ಚೌಕಗಳನ್ನು ಗುರುತಿಸುವ ಅವಕಾಶವಿದೆ, ಮಿಕ್ಕದ್ದನ್ನು ಆಮೇಲೆ ಸೇರಿಸಬಹುದು.

ತೆರೆಯುವ ಮೊದಲೇ ಮುಚ್ಚಿಕೊಂಡರೆ ನೋಡಬೇಕಾದದ್ದು ಲಾಗಿನ ಆರಂಭದ ಭಾಗ. ವಿಂಡೋಸ್‌ನಲ್ಲಿ ಎಕ್ಸ್-ಪ್ಲೇನ್ 12 ಚಿತ್ರ ಬಿಡಿಸುವುದು ಗ್ರಾಫಿಕ್ಸ್ ಕಾರ್ಡಿನೊಡನೆ ಮಾತಾಡುವ ವಲ್ಕನ್ ಎಂಬ ವ್ಯವಸ್ಥೆಯ ಮೂಲಕ. ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರಿನಲ್ಲಿ ತಯಾರಕರ ಗ್ರಾಫಿಕ್ಸ್ ಡ್ರೈವರ್ ಇಲ್ಲದೆ, ಮೈಕ್ರೋಸಾಫ್ಟಿನ ಸಾಮಾನ್ಯ ಡ್ರೈವರ್ ಮಾತ್ರ ಇದ್ದರೆ ವಲ್ಕನ್ ಸಿಗುವುದಿಲ್ಲ, ಸಿಮ್ಯುಲೇಟರೂ ತೆರೆಯುವುದಿಲ್ಲ. ಲ್ಯಾಪ್‌ಟಾಪಿನಲ್ಲಾದರೆ ಲಾಗಿನಲ್ಲಿ ಕಾಣುವ ಕಾರ್ಡಿನ ಹೆಸರನ್ನು ಗಮನವಿಟ್ಟು ಓದಿ: ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಹೆಸರು ಅಲ್ಲಿದ್ದರೆ, ದೊಡ್ಡ ಕಾರ್ಡು ಸುಮ್ಮನೆ ಕುಳಿತಿದೆ ಎಂದರ್ಥ, ಮತ್ತು ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಎಕ್ಸ್-ಪ್ಲೇನಿಗೆ ಅದನ್ನು ನಿಗದಿಪಡಿಸಬೇಕು.

ಈಗ ಬೆಂಗಳೂರಿನ ಪರೀಕ್ಷೆ. ಎಕ್ಸ್-ಪ್ಲೇನ್ ಭೂಮಿಯನ್ನು ಒಂದು ಅಕ್ಷಾಂಶ, ಒಂದು ರೇಖಾಂಶದ ಚೌಕಗಳಾಗಿ ಹಂಚಿ, ಪ್ರತಿ ಚೌಕಕ್ಕೂ ಒಂದು ಡಿಎಸ್‌ಎಫ್ ಫೈಲನ್ನು ಇಡುತ್ತದೆ. 13ನೆಯ ಉತ್ತರ ಅಕ್ಷಾಂಶ ನಮ್ಮ ನಗರದ ನಡುವೆ, ಮಲ್ಲೇಶ್ವರ ಮತ್ತು ಅರಮನೆಯ ಆಸುಪಾಸಿನಲ್ಲಿ ಹಾದುಹೋಗುತ್ತದೆ. ಹೀಗಾಗಿ ಎಚ್‌ಎಎಲ್ ನಿಲ್ದಾಣ +12+077 (12 ಅಕ್ಷಾಂಶ, 77 ರೇಖಾಂಶ) ಎಂಬ ಫೈಲಿನಲ್ಲಿಯೂ, ಜಕ್ಕೂರು, ಯಲಹಂಕ, ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣ ಮೂರೂ +13+077 ಎಂಬ ಫೈಲಿನಲ್ಲಿಯೂ ಬರುತ್ತವೆ. ಒಂದೇ ನಗರದೊಳಗೆ ಎರಡು ಚೌಕಗಳನ್ನು ಪರೀಕ್ಷಿಸುವ ಇಂಥ ಅನುಕೂಲ ಎಲ್ಲ ಊರಿನವರಿಗೂ ಇರುವುದಿಲ್ಲ.

ಮೊದಲು ವಿಒಬಿಎಲ್ ಎಂಬ ಸಂಕೇತದ ಕೆಂಪೇಗೌಡ ನಿಲ್ದಾಣದ ರನ್‌ವೇ ಮೇಲೆ ವಿಮಾನ ನಿಲ್ಲಿಸಿ, ಹವಾಮಾನವನ್ನು ಸ್ಪಷ್ಟ ಆಕಾಶಕ್ಕೂ ಪ್ರಮಾಣಿತ ಒತ್ತಡಕ್ಕೂ ಇರಿಸಿ, ಎತ್ತರ ತೋರಿಸುವ ಆಲ್ಟಿಮೀಟರಿನಲ್ಲಿ 1013 ಹೆಕ್ಟೊಪಾಸ್ಕಲ್ ಹಾಕಿ ಓದಿ. ಸುಮಾರು 3000 ಅಡಿ ಬಂದರೆ ಭೂಮೇಲ್ಮೈ ತನ್ನ ಜಾಗದಲ್ಲಿದೆ. ಸೊನ್ನೆಯ ಹತ್ತಿರ ಬಂದು ಸುತ್ತಲೂ ನೀರು ಕಂಡರೆ, ಡಿಎಸ್‌ಎಫ್ ಇಲ್ಲ, ಅಂದರೆ ಸೀನರಿ ಪೂರ್ತಿ ಇಳಿದಿಲ್ಲ. ಸ್ಥಾಪಕವನ್ನು ಮತ್ತೆ ಓಡಿಸಿದರೆ ಅದು ಕೊರತೆಯ ಫೈಲುಗಳನ್ನು ತಾನೇ ಗುರುತಿಸುತ್ತದೆ. ಆಮೇಲೆ ಉತ್ತರಕ್ಕೆ ತಿರುಗಿ ನೋಡಿ: ಸುಮಾರು 20 ಕಿಲೋಮೀಟರ್ ದೂರದಲ್ಲಿ 1478 ಮೀಟರ್ ಎತ್ತರದ ನಂದಿಬೆಟ್ಟ ಬಯಲಿನಿಂದ ಮೇಲೆದ್ದು ನಿಂತಿರಬೇಕು. ಇನ್ನು ರನ್‌ವೇಗಳನ್ನು ಎಣಿಸಿ. ದೇವನಹಳ್ಳಿಯಲ್ಲಿ ತಲಾ 4000 ಮೀಟರ್ ಉದ್ದದ ಎರಡು ರನ್‌ವೇಗಳು ಅಕ್ಕಪಕ್ಕ ಇವೆ, ಎರಡನೆಯದು ಬಳಕೆಗೆ ಬಂದದ್ದು 2019ರ ಡಿಸೆಂಬರಿನಲ್ಲಿ. ನಿಮಗೆ ಒಂದೇ ಕಾಣುತ್ತಿದ್ದರೆ, ಯಾವುದೋ ಹಳೆಯ ಪೆನ್‌ಡ್ರೈವಿನಿಂದ ತಂದ ಅದಕ್ಕೂ ಹಿಂದಿನ ನಿಲ್ದಾಣದ ಮಾಹಿತಿ ಹೊಸದನ್ನು ಮರೆಮಾಡಿದೆ ಎಂದು ತಿಳಿಯಿರಿ. ಇದೇ ರೀತಿ ವಿಒಬಿಜಿ ಸಂಕೇತದ ಎಚ್‌ಎಎಲ್‌ನಲ್ಲಿ ನಿಂತು ಸುಮಾರು 2900 ಅಡಿ ಬರುತ್ತದೆಯೇ ನೋಡಿ. ಒಂದು ನಿಲ್ದಾಣ ಸರಿಯಿದ್ದು ಇನ್ನೊಂದು ನೀರಿನಲ್ಲಿದ್ದರೆ ದೋಷ ಇಡೀ ಸ್ಥಾಪನೆಯದಲ್ಲ, ಒಂದೇ ಚೌಕದ್ದು.

ಈ ಎರಡೂ ಪರೀಕ್ಷೆಗಳು ಗೆದ್ದ ನಂತರ ಲಾಗನ್ನು ಬೇರೆ ಹೆಸರಿನಲ್ಲಿ ಉಳಿಸಿಡಿ. ಯಾವ ಸೇರ್ಪಡೆಯೂ ಇಲ್ಲದೆ ಎಲ್ಲವೂ ಸರಿಯಿದ್ದಾಗಿನ ಲಾಗ್ ಹೇಗಿತ್ತು ಎಂಬುದು ಮುಂದಿನ ಪ್ರತಿ ಹಂತದಲ್ಲಿಯೂ ಹೋಲಿಕೆಗೆ ಬೇಕಾಗುತ್ತದೆ.

ನಿಯಂತ್ರಣಗಳ ದೋಷ

ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲಿಯೇ, ಏಕೆಂದರೆ ಯಂತ್ರದ ದೋಷವೂ ಸೆಟ್ಟಿಂಗಿನ ದೋಷವೂ ಕಾಕ್‌ಪಿಟ್ಟಿನಲ್ಲಿ ಒಂದೇ ತರಹ ಕಾಣುತ್ತವೆ. ವಿಮಾನ ತಾನಾಗಿಯೇ ಎಡಕ್ಕೆ ಎಳೆಯುತ್ತಿದೆ, ಥ್ರಾಟಲ್ ನಡುಗುತ್ತಿದೆ, ಪೆಡಲ್ ಆಗಾಗ ಸತ್ತುಹೋಗುತ್ತಿದೆ ಎಂಬ ಲಕ್ಷಣಗಳನ್ನು ಬೇರ್ಪಡಿಸಲು ಒಂದೇ ಒಳ್ಳೆಯ ಉಪಾಯವಿದೆ: ಸಿಮ್ಯುಲೇಟರನ್ನು ಮುಚ್ಚಿ, ವಿಂಡೋಸ್‌ನ ಗೇಮ್ ಕಂಟ್ರೋಲರ್ ಪರದೆಯನ್ನು ತೆರೆದು, ಅಲ್ಲಿ ಅದೇ ಸಾಧನವನ್ನು ಆಡಿಸಿ ನೋಡುವುದು. ನಡುಕ ಅಲ್ಲಿಯೂ ಕಂಡರೆ ದೋಷ ಸಾಧನದಲ್ಲಿ, ಕೇಬಲ್ಲಿನಲ್ಲಿ ಅಥವಾ ಯುಎಸ್‌ಬಿ ಹಬ್ಬಿನಲ್ಲಿದೆ. ಎಕ್ಸ್-ಪ್ಲೇನಿನ ಯಾವ ಸೆಟ್ಟಿಂಗನ್ನು ಬದಲಿಸಿದರೂ ಅದು ಹೋಗುವುದಿಲ್ಲ, ಕೇವಲ ಮುಚ್ಚಿಹೋಗುತ್ತದೆ. ಅಲ್ಲಿ ಚಲನೆ ನುಣುಪಾಗಿದ್ದು ಸಿಮ್ಯುಲೇಟರಿನಲ್ಲಿ ಮಾತ್ರ ತೊಂದರೆ ಇದ್ದರೆ, ಹೊಸದಾಗಿ ತಾನೇ ಹಾಕಿಕೊಂಡ ಹೊಂದಾಣಿಕೆಯನ್ನು ಅನುಮಾನಿಸಬೇಕು. ಸೆಟ್ಟಿಂಗುಗಳು ಕಳೆದುಹೋದಾಗ ಎಕ್ಸ್-ಪ್ಲೇನ್ ತನಗೆ ತಿಳಿದ ಸಾಧನಗಳಿಗೆ ಸಿದ್ಧ ಹೊಂದಾಣಿಕೆ ಕೊಡುತ್ತದೆ. ಎರಡು ಸಾಧನಗಳಿಗೂ ರಡ್ಡರ್ (ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಫಲಕ) ಅಕ್ಷ ಸಿಕ್ಕಿಬಿಟ್ಟಿದ್ದರೆ, ಒಂದು ಕಡೆ ಪೆಡಲ್, ಇನ್ನೊಂದು ಕಡೆ ಜಾಯ್‌ಸ್ಟಿಕ್ಕಿನ ತಿರುಚು ಹಿಡಿ ಪರಸ್ಪರ ಜಗ್ಗಾಡುತ್ತವೆ. ರನ್‌ವೇ ಮೇಲೆ ವಿಮಾನ ಒಂದು ಪಕ್ಕಕ್ಕೆ ಎಳೆಯುವ ದೂರುಗಳಲ್ಲಿ ನಾನು ಮೊದಲು ನೋಡುವುದು ಇದನ್ನೇ. ಪೆಡಲ್ ಇರುವವರು ಜಾಯ್‌ಸ್ಟಿಕ್ಕಿನ ತಿರುಚು ಅಕ್ಷವನ್ನು ಪೂರ್ಣವಾಗಿ ತೆಗೆದುಹಾಕಬೇಕು.

ಸಾಧನ ಆಗಾಗ ಸತ್ತು ಬದುಕುತ್ತಿದ್ದರೆ ವಿದ್ಯುತ್ತಿನ ಲೆಕ್ಕ ಹಾಕಿ. ಯುಎಸ್‌ಬಿ 2 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್. ತನ್ನದೇ ಅಡಾಪ್ಟರ್ ಇಲ್ಲದ ಹಬ್ ಅಷ್ಟನ್ನೇ ಎಲ್ಲರಿಗೂ ಹಂಚುತ್ತದೆ, ನಿಯಮದ ಪ್ರಕಾರ ಒಂದೊಂದು ಪೋರ್ಟಿಗೆ 100 ಮಿಲಿಆಂಪಿಯರ್. ದೀಪಗಳಿರುವ ಥ್ರಾಟಲ್, ರೇಡಿಯೊ ಫಲಕ ಎರಡನ್ನೂ ಅಂಥ ಹಬ್ಬಿಗೆ ಸಿಕ್ಕಿಸಿದರೆ ಅದು ತಡೆಯುವುದಿಲ್ಲ. ಅಡಾಪ್ಟರ್ ಇರುವ ಹಬ್ ಕೊಳ್ಳಿ. ಹಾಗೆಯೇ ಡಿವೈಸ್ ಮ್ಯಾನೇಜರಿನಲ್ಲಿ ಪ್ರತಿ ಯುಎಸ್‌ಬಿ ರೂಟ್ ಹಬ್ಬಿನ ವಿದ್ಯುತ್ ಉಳಿತಾಯದ ಗುರುತನ್ನು ತೆಗೆಯಿರಿ. ಹೊಸ ವಿಂಡೋಸ್‌ನಲ್ಲಿ ಇದು ಮತ್ತೆ ಚಾಲೂ ಆಗಿರುತ್ತದೆ, ಹಿಂದೊಮ್ಮೆ ತೆಗೆದದ್ದು ಬಹುತೇಕರಿಗೆ ನೆನಪಿರುವುದಿಲ್ಲ.

ಮನೆಯಲ್ಲಿಯೇ ಆರ್ಡುಯಿನೊ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್ ಬಳಸಿ ಸ್ವಿಚ್ ಫಲಕ ಮಾಡಿಕೊಂಡವರಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಂಪ್ಯೂಟರಿನಲ್ಲಿದ್ದ ನಿಮ್ಮ ಮೂಲ ಸ್ಕೆಚ್ (ಬೋರ್ಡಿಗೆ ಬರೆದ ಪ್ರೋಗ್ರಾಂ) ಹೋಗಿರಬಹುದು, ಆದರೆ ಅದರಿಂದ ತಯಾರಾದ ಯಂತ್ರಸಂಕೇತ ಇನ್ನೂ ಬೋರ್ಡಿನ ಚಿಪ್ಪಿನೊಳಗೆ ಭದ್ರವಾಗಿದೆ. ಫಲಕ ಕೆಲಸ ಮಾಡುತ್ತಿದ್ದರೆ ಅದಕ್ಕೆ ಹೊಸ ಸ್ಕೆಚ್ ಹಾಕಲು ಹೋಗಬೇಡಿ. ಮೊದಲು ಎವಿಆರ್‌ಡ್ಯೂಡ್ ಎಂಬ ಉಪಕರಣದಿಂದ ಚಿಪ್ಪಿನ ಫ್ಲಾಶ್ ಮತ್ತು ಇಇಪ್ರಾಮ್ ಎಂಬ ಎರಡು ಸ್ಮೃತಿಗಳನ್ನೂ ಓದಿ ಫೈಲಾಗಿ ಉಳಿಸಿಕೊಳ್ಳಿ. ಓದುವುದನ್ನು ತಡೆಯುವ ಬೀಗದ ಬಿಟ್‌ಗಳನ್ನು ಹಾಕಿರದಿದ್ದರೆ ಓದಲು ಬರುತ್ತದೆ. ಹೀಗೆ ಓದಿದ್ದರಿಂದ ನಿಮ್ಮ ಸಿ ಭಾಷೆಯ ಮೂಲ ಬರಹ ಮರಳಿ ಬರುವುದಿಲ್ಲ, ಆದರೆ ಅದೇ ಬಗೆಯ ಇನ್ನೊಂದು ಬೋರ್ಡಿಗೆ ಅದನ್ನು ಹಾಗೆಯೇ ಇಳಿಸಬಹುದು, ಬೋರ್ಡು ಸುಟ್ಟರೂ ಫಲಕ ಬದುಕುತ್ತದೆ. ಬೋರ್ಡನ್ನು ಸಿಮ್ಯುಲೇಟರಿಗೆ ಜೋಡಿಸುವ ಮೊಬಿಫ್ಲೈಟ್ ತಂತ್ರಾಂಶ ಬಳಸುವವರಿಗೆ ಅರ್ಧ ಸಮಾಧಾನ ಮಾತ್ರ: ಯಾವ ಪಿನ್ನಿಗೆ ಯಾವ ಸ್ವಿಚ್, ಯಾವ ದೀಪ ಎಂಬ ಪಟ್ಟಿ ಬೋರ್ಡಿನ ಇಇಪ್ರಾಮ್‌ನಲ್ಲಿ ಉಳಿದಿರುತ್ತದೆ, ಬೋರ್ಡನ್ನು ಸಿಕ್ಕಿಸಿದರೆ ತಂತ್ರಾಂಶ ಅದನ್ನು ಓದಿಕೊಳ್ಳುತ್ತದೆ, ಆ ಸ್ವಿಚ್ಚು ಸಿಮ್ಯುಲೇಟರಿನಲ್ಲಿ ಏನು ಮಾಡಬೇಕು ಎಂಬ ಯೋಜನೆಯ ಫೈಲು ಮಾತ್ರ ಕಂಪ್ಯೂಟರಿನಲ್ಲಿದ್ದದ್ದರಿಂದ ಅದನ್ನು ಹೊಸದಾಗಿ ಬರೆಯಬೇಕು. ಪಿನ್ ಪಟ್ಟಿ ಕೈಯಲ್ಲಿದ್ದರೆ ಆ ಕೆಲಸ ಅರ್ಧಕ್ಕಿಂತ ಹಗುರವಾಗುತ್ತದೆ, ತಂತಿಗಳನ್ನು ಒಂದೊಂದಾಗಿ ಮೀಟರ್ ಹಿಡಿದು ಹುಡುಕುವ ಕಷ್ಟ ತಪ್ಪುತ್ತದೆ.

ನಿಯಂತ್ರಣಗಳು ಒಪ್ಪಿಗೆಯಾದ ಕೂಡಲೇ ಎಕ್ಸ್-ಪ್ಲೇನಿನ ಔಟ್‌ಪುಟ್ ಫೋಲ್ಡರಿನೊಳಗಿನ ಪ್ರಿಫರೆನ್ಸಸ್ ಫೋಲ್ಡರನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಇದನ್ನು ಕೊನೆಗೆ ಮಾಡೋಣ ಎಂದು ಮುಂದೂಡಬೇಡಿ. ಮುಂದಿನ ಹಂತದಲ್ಲಿ ಒಂದು ಕೆಟ್ಟ ಪ್ಲಗಿನ್ ಬಂದು ಸೆಟ್ಟಿಂಗುಗಳನ್ನು ಅಳಿಸಿ ನೋಡಬೇಕಾಗಿ ಬಂದಾಗ ಈ ನಕಲೇ ಕಾಯುವುದು.

ಪ್ಲಗಿನ್ ಮತ್ತು ವಿಮಾನಗಳು

ಪ್ಲಗಿನ್‌ಗಳನ್ನು ಒಂದೊಂದಾಗಿ ಹಾಕುವುದೇ ಸರಿ. ಹಾಕಿದ ಪ್ಲಗಿನ್ ಪಟ್ಟಿಯಲ್ಲಿ ಕಾಣಿಸದೆ, ಲಾಗಿನಲ್ಲಿ ಅದರ ಹೆಸರಿನ ಜತೆಗೆ 126 ಎಂಬ ದೋಷಸಂಖ್ಯೆ ಬಂದಿದ್ದರೆ, ಪ್ಲಗಿನ್ ಕೆಟ್ಟಿದೆ ಎಂದು ತಿಳಿಯಬೇಡಿ. ಅದು ಅವಲಂಬಿಸಿರುವ ಇನ್ನೊಂದು ಫೈಲು ವಿಂಡೋಸ್‌ಗೆ ಸಿಗುತ್ತಿಲ್ಲ ಎಂಬುದೇ ಆ ಸಂಖ್ಯೆಯ ಅರ್ಥ. ಹಳೆಯ ವಿಂಡೋಸ್‌ನಲ್ಲಿ ಬೇರೆ ಬೇರೆ ತಂತ್ರಾಂಶಗಳ ಜತೆಯಲ್ಲಿ ತಾನಾಗಿ ಬಂದು ಸೇರಿದ್ದ ಮೈಕ್ರೋಸಾಫ್ಟಿನ ವಿಷುವಲ್ ಸಿ++ ರನ್‌ಟೈಮ್ ಹೊಸ ವಿಂಡೋಸ್‌ನಲ್ಲಿ ಇರುವುದಿಲ್ಲ. ಅದನ್ನು ಸ್ಥಾಪಿಸಿದರೆ ಇಂಥ ದೂರುಗಳಲ್ಲಿ ಹೆಚ್ಚಿನವು ಮುಗಿಯುತ್ತವೆ.

ಎಲ್ಲವನ್ನೂ ಒಟ್ಟಿಗೆ ಹಾಕಿಯಾಗಿದೆ, ಸಿಮ್ಯುಲೇಟರ್ ಮುಚ್ಚಿಕೊಳ್ಳುತ್ತಿದೆ ಎಂಬ ಸ್ಥಿತಿಯಲ್ಲಿ ಈ ಬರಹ ಓದುತ್ತಿರುವವರು ಅರ್ಧಿಸುವ ವಿಧಾನ ಅನುಸರಿಸಬೇಕು. ಪ್ಲಗಿನ್‌ಗಳಲ್ಲಿ ಅರ್ಧವನ್ನು ಬೇರೆ ಫೋಲ್ಡರಿಗೆ ಸರಿಸಿ ತೆರೆದು ನೋಡಿ. ದೋಷ ಉಳಿದರೆ ಅದು ಒಳಗಿರುವ ಅರ್ಧದಲ್ಲಿದೆ, ಹೋದರೆ ಹೊರಗಿಟ್ಟ ಅರ್ಧದಲ್ಲಿದೆ. ಹದಿನಾರು ಪ್ಲಗಿನ್ ಇದ್ದರೆ ನಾಲ್ಕು ಸುತ್ತಿನಲ್ಲಿ ಅಪರಾಧಿ ಒಂದೇ ಉಳಿಯುತ್ತದೆ. ಎಕ್ಸ್-ಪ್ಲೇನಿನ ಜತೆಗೇ ಬರುವ ಪ್ಲಗಿನ್ ಅಡ್ಮಿನ್‌ನನ್ನು ಮುಟ್ಟಬೇಡಿ.

ಫ್ಲೈವಿತ್‌ಲೂವಾ ಎಂಬ, ಲೂವಾ ಸ್ಕ್ರಿಪ್ಟುಗಳನ್ನು ಓಡಿಸುವ ಪ್ಲಗಿನ್ ಬಳಸುವವರಿಗೆ ಇನ್ನೊಂದು ಸೂಚನೆ. ದೋಷವಿರುವ ಸ್ಕ್ರಿಪ್ಟನ್ನು ಅದು ಕ್ವಾರಂಟೈನ್ ಎಂಬ ಪ್ರತ್ಯೇಕ ಫೋಲ್ಡರಿಗೆ ಸರಿಸಿಬಿಡುತ್ತದೆ. ನೀವು ನೆನಪಿನಿಂದ ಮರಳಿ ಬರೆದ ಸ್ಕ್ರಿಪ್ಟ್ ಕಾಣೆಯಾಗಿದ್ದರೆ ಮೊದಲು ಅಲ್ಲಿ ಹುಡುಕಿ. ಸ್ಕ್ರಿಪ್ಟಾಗಲಿ ವಿಮಾನದ ಪ್ಲಗಿನ್ ಆಗಲಿ ಒದಗಿಸುವ ಆಜ್ಞೆಗಳು ಅವು ಚಾಲೂ ಇರುವಾಗ ಮಾತ್ರ ಅಸ್ತಿತ್ವದಲ್ಲಿರುತ್ತವೆ. ಹಾಗಾಗಿ ಒಂದು ಗುಂಡಿ ಎಲ್ಲ ವಿಮಾನಗಳಲ್ಲಿಯೂ ಕೆಲಸ ಮಾಡಿ ಒಂದರಲ್ಲಿ ಮಾತ್ರ ಮೌನವಾಗಿದ್ದರೆ, ಗುಂಡಿಯನ್ನು ಬಿಚ್ಚುವ ಮುನ್ನ ಆ ವಿಮಾನ ಯಾವ ಆಜ್ಞೆಯನ್ನು ನಿರೀಕ್ಷಿಸುತ್ತದೆ ಎಂದು ನೋಡಿ.

ಕೊಂಡ ವಿಮಾನಗಳನ್ನು ಮರಳಿ ಸ್ಥಾಪಿಸುವಾಗ ಸಕ್ರಿಯಗೊಳಿಸುವಿಕೆಯ ಮಿತಿ ಅಡ್ಡಬರಬಹುದು, ಏಕೆಂದರೆ ಮಾರಾಟಗಾರರ ದಾಖಲೆಯಲ್ಲಿ ನಿಮ್ಮ ಹಳೆಯ ಡಿಸ್ಕ್ ಇನ್ನೂ ಜೀವಂತವಾಗಿದೆ. ಪದೇ ಪದೇ ಪ್ರಯತ್ನಿಸಿ ಉಳಿದ ಅವಕಾಶಗಳನ್ನು ಮುಗಿಸಿಕೊಳ್ಳಬೇಡಿ. ರಸೀದಿಯ ಸಂಖ್ಯೆಯೊಂದಿಗೆ ಅವರಿಗೆ ಒಂದು ಪತ್ರ ಬರೆಯುವುದು ಹೆಚ್ಚು ಬೇಗನೆ ಫಲ ಕೊಡುತ್ತದೆ. ಸೇರ್ಪಡೆಯ ಸ್ಥಾಪಕವೊಂದು ಎಲ್ಲವೂ ಯಶಸ್ವಿ ಎಂದು ಹೇಳಿದರೂ ವಿಮಾನ ಪಟ್ಟಿಯಲ್ಲಿ ಬಾರದಿದ್ದರೆ, ಅದು ಇಲ್ಲದ ಹಳೆಯ ವಿಳಾಸಕ್ಕೆ ಹೋಗಿ ಕುಳಿತಿರಬಹುದು. ಎಕ್ಸ್-ಪ್ಲೇನ್ ತಾನು ಎಲ್ಲಿ ಸ್ಥಾಪನೆಗೊಂಡಿದ್ದೇನೆ ಎಂಬುದನ್ನು ಬಳಕೆದಾರರ ಆ್ಯಪ್‌ಡೇಟಾ ಫೋಲ್ಡರಿನಲ್ಲಿ ಒಂದು ಸಣ್ಣ ಪಠ್ಯ ಫೈಲಿನಲ್ಲಿ ಬರೆದಿಡುತ್ತದೆ. ವಿಂಡೋಸ್ ಹಳೆಯದೇ ಉಳಿದು ಸಿಮ್ಯುಲೇಟರಿನ ಡಿಸ್ಕ್ ಮಾತ್ರ ಹೋಗಿದ್ದಲ್ಲಿ ಆ ಫೈಲಿನಲ್ಲಿ ಹಳೆಯ ಸಾಲು ಉಳಿದಿರುವ ಸಾಧ್ಯತೆ ಇದೆ. ಆ ಸಾಲನ್ನು ಅಳಿಸಿ.

ಸಂಚಾರ ಮಾಹಿತಿ

ವಿಮಾನಯಾನದ ಮಾಹಿತಿ ಎಐಆರ್‌ಎಸಿ ಎಂಬ ಅಂತರರಾಷ್ಟ್ರೀಯ ಚಕ್ರದಂತೆ 28 ದಿನಗಳಿಗೊಮ್ಮೆ ಬದಲಾಗುತ್ತದೆ. ಚಂದಾದಾರರು ಅದನ್ನು ಕಸ್ಟಮ್ ಡೇಟಾ ಫೋಲ್ಡರಿಗೆ ಹಾಕಿಕೊಳ್ಳುತ್ತಾರೆ. ಅದು ಹೋದರೆ ಸಿಮ್ಯುಲೇಟರ್ ತನ್ನ ಜತೆಗೆ ಬಂದ ಮಾಹಿತಿಗೆ ಸದ್ದಿಲ್ಲದೆ ಮರಳುತ್ತದೆ. ವಾಟ್ಸ್‌ಆ್ಯಪಿನಿಂದ ಮರಳಿ ಪಡೆದ ನಿಮ್ಮ ಹಳೆಯ ಮಾರ್ಗಯೋಜನೆಯಲ್ಲಿ ಕೆಲವು ಬಿಂದುಗಳು ಸಿಗುತ್ತಿಲ್ಲ ಎಂದು ವಿಮಾನದ ಮಾರ್ಗ ಕಂಪ್ಯೂಟರಾದ ಎಫ್‌ಎಂಎಸ್ ಹೇಳಿದರೆ ಯೋಜನೆ ಕೆಟ್ಟಿಲ್ಲ, ಎರಡರ ಚಕ್ರ ಬೇರೆ. ಈ ಫೋಲ್ಡರಿಗೆ ಅರ್ಧಂಬರ್ಧ ಫೈಲುಗಳನ್ನು ತುಂಬುವುದು ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಅನುಮಾನ ಬಂದರೆ ಪೂರ್ತಿ ಖಾಲಿ ಮಾಡಿ ಒಮ್ಮೆ ತೆರೆದು ನೋಡಿ. ನೀವೇ ಸೇರಿಸಿದ ಬಿಂದುಗಳ ಫೈಲುಗಳು ಇದೇ ಜಾಗದಲ್ಲಿರುತ್ತವೆ, ಖಾಲಿ ಮಾಡುವ ಮುನ್ನ ಅವನ್ನು ತೆಗೆದಿಡಬೇಕು.

ಸೇರ್ಪಡೆ ಸೀನರಿ

ಸೀನರಿ ಕೊನೆಯ ಪದರ. ಕಸ್ಟಮ್ ಸೀನರಿ ಫೋಲ್ಡರಿನಲ್ಲಿ ಸೀನರಿ ಪ್ಯಾಕ್ಸ್ ಎಂಬ ಐಎನ್‌ಐ ಫೈಲೊಂದಿದ್ದು, ಅದರಲ್ಲಿ ಮೇಲಿರುವ ಪ್ಯಾಕಿಗೆ ಕೆಳಗಿನದಕ್ಕಿಂತ ಹೆಚ್ಚಿನ ಅಧಿಕಾರ. ಈ ಫೈಲು ಕಳೆದುಹೋದರೆ ಎಕ್ಸ್-ಪ್ಲೇನ್ ಹೊಸದನ್ನು ಅಕ್ಷರಾನುಕ್ರಮದಲ್ಲಿ ಬರೆದುಕೊಳ್ಳುತ್ತದೆ, ಆಮೇಲೆ ಸೇರಿಸಿದ ಪ್ಯಾಕುಗಳನ್ನು ಮೇಲ್ತುದಿಗೆ ಹಾಕುತ್ತದೆ. ಅಕ್ಷರಾನುಕ್ರಮಕ್ಕೂ ಸರಿಯಾದ ಕ್ರಮಕ್ಕೂ ಯಾವ ಸಂಬಂಧವೂ ಇಲ್ಲ. ಸೇರ್ಪಡೆ ನಿಲ್ದಾಣಗಳು ಮೇಲೆ, ಜಾಗತಿಕ ನಿಲ್ದಾಣಗಳು ಅದರ ಕೆಳಗೆ, ರಸ್ತೆ, ಕಟ್ಟಡ, ಮರಗಳ ಮೇಲ್ಪದರದ ಸೀನರಿ ಅದಕ್ಕೂ ಕೆಳಗೆ, ಭೂಮೇಲ್ಮೈಯ ಜಾಲ ಎಲ್ಲಕ್ಕಿಂತ ಕೆಳಗೆ ಇರಬೇಕು.

ಲಕ್ಷಣ ನೋಡಿಯೇ ಕಾರಣ ಹೇಳಬಹುದಾದ ಸಂದರ್ಭಗಳಿವೆ. ದೇವನಹಳ್ಳಿಯಲ್ಲಿ ರನ್‌ವೇ ಇದೆ, ಆದರೆ ಟರ್ಮಿನಲ್ ಕಟ್ಟಡಗಳೇ ಇಲ್ಲ ಎಂದಾದರೆ, ಒಂದು ಭೂಮೇಲ್ಮೈ ಜಾಲದ ಪ್ಯಾಕ್ ನಿಲ್ದಾಣದ ಪ್ಯಾಕಿಗಿಂತ ಮೇಲೆ ಏರಿ ಕುಳಿತಿದೆ. ಆ ಚೌಕದಲ್ಲಿ ತನ್ನ ಕೆಳಗಿರುವ ಡಿಎಸ್‌ಎಫ್‌ಗಳನ್ನು ಅದು ಬರಗೊಡುವುದಿಲ್ಲ. ಕಟ್ಟಡದೊಳಗೆ ಕಟ್ಟಡ ತೂರಿಕೊಂಡಿದ್ದರೆ ಎರಡು ನಿಲ್ದಾಣ ಪ್ಯಾಕುಗಳು ಒಂದೇ ಜಾಗವನ್ನು ತುಂಬುತ್ತಿವೆ. ಇಡೀ ಪ್ಯಾಕೇ ಬಾರದೆ, ಸಂಪನ್ಮೂಲವೊಂದು ಸಿಗಲಿಲ್ಲ ಎಂದು ಲಾಗ್ ಹೇಳಿದರೆ, ಆ ಸೀನರಿ ಬಳಸುವ ವಸ್ತುಸಂಗ್ರಹ (ಕಟ್ಟಡ ಮುಂತಾದವುಗಳ ಲೈಬ್ರರಿ) ಇನ್ನೂ ಸ್ಥಾಪನೆಯಾಗಿಲ್ಲ. ಅದೇ ಸಾಲಿನ ಕಡತಮಾರ್ಗದ ಮೊದಲ ಪದವನ್ನು ಓದಿದರೆ ಯಾವ ಸಂಗ್ರಹ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ.

ಉಪಗ್ರಹ ಚಿತ್ರಗಳಿಂದ ಆರ್ಥೊ4ಎಕ್ಸ್‌ಪಿ ಎಂಬ ತಂತ್ರಾಂಶ ಬಳಸಿ ತಾವೇ ಚೌಕಗಳನ್ನು ತಯಾರಿಸಿಕೊಂಡಿದ್ದವರು ಅವನ್ನು ಮರಳಿ ಮಾಡುವ ಮುನ್ನ ಜಾಗತಿಕ ಸೀನರಿ ಪೂರ್ತಿ ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ರಸ್ತೆ, ಕಟ್ಟಡ, ಮರಗಳ ಮೇಲ್ಪದರವನ್ನು ಅದು ಅಲ್ಲಿಂದಲೇ ತೆಗೆಯುತ್ತದೆ. ಈ ಕ್ರಮ ತಪ್ಪಿದರೆ ಬಣ್ಣದ ಚಿತ್ರ ಮಾತ್ರ ನೆಲಕ್ಕೆ ಅಂಟಿಕೊಂಡು, ನಗರ ಚಪ್ಪಟೆಯಾಗಿ ಕಾಣುತ್ತದೆ. ಬೆಂಗಳೂರಿಗೆ ಎರಡು ಚೌಕಗಳು ಬೇಕೇ ಬೇಕು. ಎರಡನ್ನೂ ಒಂದೇ ಚಿತ್ರಮೂಲ, ಒಂದೇ ಜೂಮ್ ಮಟ್ಟ, ಒಂದೇ ಎತ್ತರದ ಮಾಹಿತಿಯಿಂದ ತಯಾರಿಸಿ, ಆಯ್ಕೆಗಳನ್ನು ಕಾಗದದ ಮೇಲೆ ಬರೆದಿಡಿ. ಅನಂತರ ಎಚ್‌ಎಎಲ್‌ನಿಂದ ಜಕ್ಕೂರಿಗೆ ಕೆಳಮಟ್ಟದಲ್ಲಿ ಹಾರಿ, ಅರಮನೆಯ ಆಸುಪಾಸಿನ ಅಕ್ಷಾಂಶ ದಾಟುವಾಗ ಕೆಳಗೆ ನೋಡಿ. ಬಣ್ಣ ಮಾತ್ರ ಬದಲಾದರೆ ಚಿತ್ರಮೂಲಗಳು ಬೇರೆಯಾಗಿವೆ, ಅದನ್ನು ಸಹಿಸಿಕೊಳ್ಳಬಹುದು. ನೆಲದಲ್ಲಿಯೇ ಮೆಟ್ಟಿಲಿನಂತೆ ಏರಿಳಿತ ಕಂಡರೆ ಎತ್ತರದ ಮಾಹಿತಿ ಬೇರೆಯಾಗಿದೆ, ಆಗ ಎರಡು ಚೌಕಗಳಲ್ಲಿ ಮೊದಲು ತಯಾರಿಸಿದ್ದನ್ನು ಅಳಿಸಿ, ಎರಡನೆಯದರ ಆಯ್ಕೆಗಳನ್ನೇ ಕೊಟ್ಟು ಮತ್ತೆ ತಯಾರಿಸಬೇಕು.